ಸೂಜಿ ಡಾಕ್ಟರಿಗೆ, ಉಪವಾಸ ದೇವರಿಗೆ

ಶನಿವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನನ್ನ ಗಂಡ ಸ್ಟೀರಿಂಗ್ ಹಿಡಿದುಕೊಂಡೇ ಅಳತೊಡಗಿದರು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಹನೂರಿನಿಂದ ಹೊರಟವರು ಕೊಳ್ಳೇಗಾಲ ದಾಟಿ ಯಳಂದೂರಿನ ದಾರಿ ಹಿಡಿದಿದ್ದೆವು. ಹತ್ತೂವರೆಯ ಪ್ರಾರ್ಥನೆಯ ಕೂಟಕ್ಕೆ ಮುಟ್ಟುತ್ತೇವೋ ಇಲ್ಲವೋ ಎಂದು ಆಗಷ್ಟೇ ವ್ಯಾನಿನ ಗಡಿಯಾರ ನೋಡಿದ್ದೆ. ಅದು ಯಾವಾಗಲೂ ಆರು ನಿಮಿಷ ಮುಂದೆ. ಇಪ್ಪತ್ತೆಂಟರಲ್ಲಿ ಆರು ಕಳೆದು ತಲೆ ಎತ್ತಿದಾಗ ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಮುಚ್ಚಿಡದೆ ಹೇಳುತ್ತೇನೆ, ನನಗೆ ಖುಷಿಯಾಯಿತು.

ಇವತ್ತಿಗೂ ನನ್ನನ್ನು ಕೊರೆಯುವುದು ಅದೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕೊಳ್ಳೇಗಾಲದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಡುತ್ತದೆ, ಆಗ ಬೆವರುತ್ತಾರೆ, ತೊದಲುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿದ್ದೇನೆ. ಪರೀಕ್ಷೆಯಲ್ಲಿ ಕೇಳಿ ಅಂಕ ಕೊಟ್ಟಿದ್ದೇನೆ. ಅದೆಲ್ಲ ಒಂದು ಗೇಣು ದೂರದಲ್ಲಿ ನನ್ನ ಗಂಡನ ಮುಖದ ಮೇಲೇ ನಡೆಯುತ್ತಿದ್ದಾಗ ನಾನು ಮನಸ್ಸಿನಲ್ಲಿ ಸ್ತೋತ್ರ ಹೇಳುತ್ತಿದ್ದೆ.

ಯಾಕೆ ಅಂದರೆ ಅವರು ನಮ್ಮ ಚರ್ಚಿನ ಸಭೆಯಲ್ಲಿ ಅಳುವ ಮನುಷ್ಯರಲ್ಲ. ಎಲ್ಲರೂ ಕೈಯೆತ್ತಿ ಕಣ್ಣೀರಿಡುವಾಗ ಅವರು ಹಿಂದಿನ ಗೋಡೆಗೆ ಒರಗಿ, ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂರುತ್ತಾರೆ. ನಂಬಿಕೆ ಇಲ್ಲವೆಂದಲ್ಲ, ಅವರ ನಂಬಿಕೆ ಬಾಯಿಗೆ ಬರುವುದಿಲ್ಲ. ಮಗನಿಗೆ ಅಭಿಷೇಕವಾಗಲಿ, ಪವಿತ್ರಾತ್ಮ ಅವನ ಮೇಲಿಳಿದು ಬಾಯಿ ಬಿಡಿಸಲಿ, ಯಾರಿಗೂ ಅರ್ಥವಾಗದ ಅನ್ಯಭಾಷೆ ನುಡಿಸಲಿ ಎಂದು ಅತ್ತೆ ನಾನು ಮದುವೆಯಾಗಿ ಬರುವುದಕ್ಕಿಂತ ಮೊದಲಿನಿಂದಲೂ ಬೇಡಿಕೊಳ್ಳುತ್ತಿದ್ದರು. ಹೊಸ ವರ್ಷದ ಇಪ್ಪತ್ತೊಂದು ದಿನ ನಮ್ಮ ಸಭೆಯಲ್ಲಿ ಉಪವಾಸ ಪ್ರಾರ್ಥನೆ. ದಿನಕ್ಕೊಂದು ಮನೆ, ಬೆಳಗಿನಿಂದ ಸಂಜೆ ಆರರವರೆಗೆ ಒಂದು ತೊಟ್ಟು ನೀರೂ ಇಲ್ಲ. ಈ ಸಲ ಆ ಇಪ್ಪತ್ತೊಂದು ದಿನದ ಪ್ರಾರ್ಥನೆಗಳಲ್ಲಿ ನನ್ನ ಗಂಡನ ಹೆಸರೂ ಸೇರಿತ್ತು. ಅಂದು ಹನ್ನೆರಡನೇ ದಿನ. ಯಳಂದೂರಿನಲ್ಲಿ ಒಬ್ಬರ ಮನೆಯಲ್ಲಿ ಕೂಟ.

ವ್ಯಾನಿನಲ್ಲಿ ಎಂಟು ಜನ. ಮುಂದೆ ನಾವಿಬ್ಬರು. ಹಿಂದೆ ಅತ್ತೆ, ಸಭೆಯ ಹಿರಿಯ ಹೆಂಗಸು ದೊಡ್ಡಕ್ಕ, ಜೊತೆಗೆ ನಾಲ್ವರು ಹೆಂಗಸರು.

ಮೊದಲು ಕಂಡದ್ದು ದೊಡ್ಡಕ್ಕನಿಗೆ. "ನೋಡ್ರವ್ವ, ಡ್ರೈವರಪ್ಪನ್ ಮೊಕ ನೋಡಿ! ಅಳ್ತಾವ್ನೆ!"

"ಸ್ತೋತ್ರ ಸ್ವಾಮಿ! ನನ್ ಮಗನ್ನ ಮುಟ್ಬುಟ್ಯಲ್ಲಪ್ಪಾ, ಸ್ತೋತ್ರ!" ಎಂದು ಅತ್ತೆ ಹಿಂದಿನಿಂದ ಅವರ ಭುಜದ ಮೇಲೆ ಕೈಯಿಟ್ಟರು.

ಅವರು ಏನೋ ಗೊಣಗಿದರು. ಕನ್ನಡವಲ್ಲ, ತಮಿಳೂ ಅಲ್ಲ.

"ಅನ್ಯಭಾಷೆ!" ದೊಡ್ಡಕ್ಕ ಸೀಟಿನಿಂದ ಅರ್ಧ ಎದ್ದೇಬಿಟ್ಟರು. "ಅನ್ಯಭಾಷೆ ಬಂದದ ಕಣ್ರವ್ವ! ಚಪ್ಪಾಳೆ ತಟ್ಟಿ!"

ತಟ್ಟಿದರು. ಹಾಡು ಶುರುವಾಯಿತು. ನಾನೂ ಒಂದೆರಡು ಸಾಲು ಹಾಡಿದೆ. ಜನವರಿಯ ಗಾಳಿ ಕಿಟಕಿಯಿಂದ ಬೀಸುತ್ತಿದ್ದರೂ ಅವರ ಅಂಗಿಯ ಬೆನ್ನು ಒದ್ದೆಯಾಗಿ ಸೀಟಿಗೆ ಅಂಟಿಕೊಂಡಿತ್ತು. ಆ ಬೆವರನ್ನೂ ನಾನು ಆತ್ಮನ ಕೆಲಸವೆಂದೇ ತಿಳಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಮೇಲೆ ಅವರು ಗೇರು ಬದಲಿಸಲು ಕೈ ಚಾಚಿದರು. ಕೈ ಗೇರಿಗೆ ಸಿಗಲಿಲ್ಲ, ನನ್ನ ಮಂಡಿಯ ಹತ್ತಿರ ಗಾಳಿಯಲ್ಲಿ ತಡಕಾಡಿತು. ಹನ್ನೆರಡು ವರ್ಷದಿಂದ ಅದೇ ವ್ಯಾನು ಓಡಿಸುವ ಕೈ ಅದು. ಕಣ್ಣು ಮುಚ್ಚಿದರೂ ಗೇರು ಹುಡುಕುವ ಕೈ. ನಾನು ಹಾಡು ನಿಲ್ಲಿಸಿದೆ.

"ರೀ, ನಾನ್ಯಾರು?" ಎಂದೆ.

ಅವರು ನಿಧಾನವಾಗಿ ತಿರುಗಿ ನೋಡಿ ನಕ್ಕರು. "ನೀವು ಟೀಚ್ರಲ್ವಾ?" ಎಂದರು. ಬಹುವಚನದಲ್ಲಿ.

"ಗಾಡಿ ನಿಲ್ಸಿ. ರೀ, ಗಾಡಿ ನಿಲ್ಸಿ!"

ಕಾಲು ಬ್ರೇಕಿನ ಮೇಲೆ ಬೀಳಲಿಲ್ಲ, ಆಕ್ಸಿಲರೇಟರ್ ಮೇಲೆ ಬಿತ್ತು. ಮುಂದೆ ಕಬ್ಬು ತುಂಬಿದ ಟ್ರಾಕ್ಟರ್ ಹೋಗುತ್ತಿತ್ತು. ನಾನು ಕಿರುಚಿದೆ. ಹಿಂದಿನಿಂದ ದೊಡ್ಡಕ್ಕ, "ಆತ್ಮನ ತಡೀಬ್ಯಾಡ ಕಣವ್ವ!" ಎಂದು ನನಗೇ ಗದರಿದರು. ಟ್ರಾಕ್ಟರಿನ ಹಿಂಬದಿಯ ಕಬ್ಬಿನ ತುದಿಗಳು ಗಾಜಿನ ತುಂಬ ಕಾಣಿಸಿದವು. ಅವರು ಸ್ಟೀರಿಂಗನ್ನು ಎಡಕ್ಕೆ ಎಳೆದರು. ಎಡಕ್ಕೆ ಮಣ್ಣಿನ ಅಂಚು, ಅದರಾಚೆ ಕಾಲುವೆ. ಆ ವಾರ ನೀರು ಬಿಟ್ಟಿದ್ದರು.

ನನಗೆ ವ್ಯಾನು ಓಡಿಸಲು ಬರುವುದಿಲ್ಲ. ಎರಡು ಸೀಟಿನ ನಡುವೆ ಹ್ಯಾಂಡ್‌ಬ್ರೇಕ್ ಇದೆ ಎನ್ನುವುದು ಗೊತ್ತಿತ್ತು, ಅಷ್ಟೆ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ವ್ಯಾನು ಹಿಂಭಾಗ ಎತ್ತಿ ಹಾಕಿದಂತೆ ತಿರುಗಿ, ಉಜ್ಜಿಕೊಂಡು ಹೋಗಿ, ಎಂಜಿನ್ ಕೆಮ್ಮಿ ನಿಂತಿತು. ನನ್ನ ಕಡೆಯ ಬಾಗಿಲಿನಿಂದ ಬಗ್ಗಿ ನೋಡಿದರೆ ಕೆಳಗೆ ನೆಲವಿಲ್ಲ, ನೀರು. ಮುಂದಿನ ಎಡಚಕ್ರದ ಅರ್ಧ ಕಾಲುವೆಯ ಮೇಲೆ ಚಾಚಿಕೊಂಡಿತ್ತು. ಹಾಡು ನಿಂತಿತ್ತು. ಗಡಿಯಾರ ನೋಡಿ ಆರು ಕಳೆದೆ, ಹತ್ತು ಇಪ್ಪತ್ತೊಂಬತ್ತು. ಅಂಥ ಹೊತ್ತಿನಲ್ಲೂ ಆರು ಕಳೆದೆ ಎಂದರೆ ಜನ ನಗುತ್ತಾರೆ, ಆದರೆ ಕಳೆದೆ.

ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರನ್ನೇ ಇಳಿಸಿ, ನನ್ನ ಗಂಡನನ್ನೂ ಬಲಗಡೆಯಿಂದ ಎಳೆದು ರಸ್ತೆಯ ಅಂಚಿನಲ್ಲಿ ಕೂರಿಸಿದೆವು. ಕೂರಲಿಲ್ಲ, ವಾಲಿದರು. ಹಲ್ಲು ಕಚ್ಚಿಕೊಂಡಿದ್ದರು.

"ಯಾರ ಹತ್ರನಾದ್ರೂ ಸಕ್ಕರೆ ಇದ್ಯಾ? ಬಿಸ್ಕತ್ತು? ಚಾಕಲೇಟು? ಏನಾದ್ರೂ?"

ಎಂಟು ಜನ ಉಪವಾಸದವರು. ಬ್ಯಾಗುಗಳಲ್ಲಿ ಹಾಡಿನ ಪುಸ್ತಕ, ವಾಕ್ಯ ಬರೆದುಕೊಳ್ಳುವ ನೋಟುಬುಕ್ಕು, ಚಾಪೆ, ಪ್ರಾರ್ಥನೆಯ ಎಣ್ಣೆ. ತಿನ್ನುವ ಪದಾರ್ಥ ಒಂದೇ ಒಂದು ಚೂರಿಲ್ಲ. ಹನ್ನೆರಡು ದಿನದಿಂದ ಮನಸ್ಸು ಚಂಚಲವಾಗಬಾರದೆಂದು ನಾವೇ ಎಲ್ಲ ತೆಗೆದಿಟ್ಟು ಬರುತ್ತಿದ್ದೆವು. ದೊಡ್ಡಕ್ಕ ಎಣ್ಣೆಯ ಸೀಸೆ ತೆರೆದು ಅವರ ಹಣೆಗೆ ಹಚ್ಚಿದರು. ಹಚ್ಚಲಿ, ಅದರಿಂದ ತೊಂದರೆಯಿಲ್ಲ. ಆದರೆ ನನಗೆ ಬೇಕಿದ್ದದ್ದು ಅದಲ್ಲ.

ಅಷ್ಟರಲ್ಲಿ ಮುಂದೆ ಹೋಗಿದ್ದ ಟ್ರಾಕ್ಟರ್ ನಿಂತು, ಅದರಿಂದ ಒಬ್ಬರು ಇಳಿದು ಬಂದರು. ಐವತ್ತರ ವಯಸ್ಸು, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವೆಲು.

"ಏನ್ಲಾ, ಬೆಳಬೆಳಗ್ಗೇನೆ ಆಕಂಡಿದ್ದೀಯ?"

"ಕುಡಿದಿಲ್ಲ ಅಣ್ಣ, ಶುಗರ್ ಇಳಿದಿದೆ. ಸೂಜಿ ತಗೊಂಡು ಏನೂ ತಿಂದಿಲ್ಲ."

ಅವರ ಮುಖ ತಕ್ಷಣ ಬದಲಾಯಿತು. "ನಮ್ಮವ್ವಂಗೂ ಇಂಗೇ ಆಗದು. ಬೆವ್ರು ನೋಡು, ಥೂ. ಇರಿ." ಟ್ರಾಕ್ಟರಿನ ಕಡೆ ತಿರುಗಿ ಕೂಗಿದರು, "ಲೇ, ಆಲೆಮನೆಗೆ ಓಡ್ಲಾ! ಜೋನಿಬೆಲ್ಲ ಲೋಟಕ್ಕೆ ಬುಟ್ಕೊಂಡ್ ಬಾ, ಜಲ್ದಿ! ಬೆಂಕಿ ಮ್ಯಾಲಿಂದಲ್ಲ ಕಣ್ಲಾ, ನೆನ್ನೆ ಮಡಗಿರದು!"

ಆಲೆಮನೆ, ಅಂದರೆ ಅವರು ಕಬ್ಬು ಅರೆದು ಬೆಲ್ಲ ಕಾಯಿಸುವ ಚಪ್ಪರ, ಎರಡು ಗದ್ದೆ ಆಚೆಗೆ ಹೊಗೆಯಾಡುತ್ತಿತ್ತು. ಆಳು ಓಡಿಹೋಗಿ ಸ್ಟೀಲ್ ಲೋಟದ ತುಂಬ ನೀರುಬೆಲ್ಲ ತಂದ. ನಾನು ಬೆರಳು ಅದ್ದಿ ನನ್ನ ಗಂಡನ ತುಟಿ ಬಿಡಿಸುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದರು.

"ಆರ್ ಗಂಟೆಗಂಟ ಅಂತ ದೇವ್ರಿಗೆ ಮಾತ್ ಕೊಟ್ಟವ್ನೆ ಕಣವ್ವ. ಉಪಾಸ ಕೆಟ್ಟೋಯ್ತದ."

ಉತ್ತರ ಕೊಟ್ಟವರು ಆಲೆಮನೆಯ ಯಜಮಾನರು. "ಅವ್ವ, ನಿಮ್ ದೇವ್ರು ಕೋಪ ಮಾಡ್ಕಂಡ್ರೆ ನನ್ ಎಸ್ರು ಯೋಳಿ. ನಾನ್ ನೋಡ್ಕತೀನಿ. ಈಗ ಕೈ ಬುಡಿ."

ಅತ್ತೆ ಕೈ ಬಿಟ್ಟರು. ನಾನು ಕೆನ್ನೆಯ ಒಳಗೆ, ಒಸಡಿನ ಮೇಲೆ ಬೆಲ್ಲ ಸವರಿದೆ. ಅವರು ನನ್ನ ಬೆರಳು ಕಚ್ಚಿದರು. ರಕ್ತ ಬಂತು. ಸವರುತ್ತಲೇ ಇದ್ದೆ. ಹತ್ತು ನಿಮಿಷದಲ್ಲಿ ನುಂಗತೊಡಗಿದರು. ಹದಿನೈದು ನಿಮಿಷದಲ್ಲಿ ಕಣ್ಣು ಬಿಟ್ಟು ಸುತ್ತಲೂ ನೋಡಿ, "ವ್ಯಾನ್ ಯಾಕ್ ಅಲ್ಲಿ ನಿಲ್ಸಿದ್ದೀರಿ?" ಎಂದು ನಮ್ಮ ಮೇಲೆಯೇ ರೇಗಿದರು.

ಟ್ರಾಕ್ಟರಿಗೆ ಹಗ್ಗ ಕಟ್ಟಿ ವ್ಯಾನನ್ನು ಹಿಂದಕ್ಕೆಳೆದರು. ಆ ಯಜಮಾನರೇ ಅದನ್ನು ಓಡಿಸಿಕೊಂಡು ನಮ್ಮನ್ನು ಕೊಳ್ಳೇಗಾಲಕ್ಕೆ ಮುಟ್ಟಿಸಿದರು. ಆಸ್ಪತ್ರೆಯಲ್ಲಿ ಇವರನ್ನು ಯಾವಾಗಲೂ ನೋಡುವ ಡಾಕ್ಟರಮ್ಮ ಇದ್ದರು. ಗ್ಲೂಕೋಸ್ ಬಾಟಲಿ ಹಾಕಿಸಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಬೆಳಗ್ಗೆ ತಿಂಡಿ?"

"ಉಪಾಸ ಮೇಡಂ."

"ಇನ್ಸುಲಿನ್?"

"ತಕ್ಕಂಡೆ."

"ಯಾಕ್ ತಗೊಂಡ್ರಿ?"

"ನೀವೇ ಒಂದ್ ದಿನಾನೂ ಬುಡಬ್ಯಾಡಿ ಅಂದಿದ್ರಲ್ಲ ಮೇಡಂ."

"ಮತ್ತೆ ಉಪವಾಸ ಯಾಕೆ?"

"ಸೂಜಿ ನಿಮ್ಗೆ. ಉಪಾಸ ದೇವ್ರಿಗೆ." ಅವರು ಅದನ್ನು ಬಹಳ ನ್ಯಾಯವಾದ ಮಾತಿನಂತೆ ಹೇಳಿದರು. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಇದರ ಹಿಂದೆ ಒಂದು ಕಥೆ ಇದೆ. ಅದರ ಹಿಂದಿನ ವರ್ಷದ ಉಪವಾಸದಲ್ಲಿ ಅವರು, ದೇವರೇ ನೋಡಿಕೊಳ್ಳುತ್ತಾನೆ ಎಂದು ಇನ್ಸುಲಿನ್ ನಿಲ್ಲಿಸಿಬಿಟ್ಟಿದ್ದರು. ಆರನೇ ದಿನ ಸಕ್ಕರೆ ಏರಿ ಇದೇ ಆಸ್ಪತ್ರೆಗೆ ಹೊತ್ತು ತರಬೇಕಾಯಿತು. ಆಗ ಅತ್ತೆಯ ಕೈ ಹಿಡಿದು, ಇನ್ನು ಮೇಲೆ ಒಂದು ದಿನವೂ ಸೂಜಿ ತಪ್ಪಿಸುವುದಿಲ್ಲ ಎಂದು ಪ್ರಾರ್ಥನೆಯಲ್ಲಿ ಮಾತು ಕೊಟ್ಟರು. ಈ ವರ್ಷ ಉಪವಾಸಕ್ಕೂ ಮಾತು ಕೊಟ್ಟರು. ಅವರು ಪ್ರಾಮಾಣಿಕ ಮನುಷ್ಯ. ಎರಡು ಮಾತನ್ನೂ ಉಳಿಸಿಕೊಂಡರು. ಮೊದಲ ಹನ್ನೊಂದು ದಿನ ಏನೂ ಆಗಲಿಲ್ಲ. ಕೂಟಗಳೆಲ್ಲ ಹನೂರಿನಲ್ಲೇ ಸಂಜೆಗೆ ಇದ್ದವು, ಅವರು ಬೆಳಗ್ಗೆ ಶಾಲೆಯ ಮಕ್ಕಳನ್ನು ಬಿಟ್ಟು ಬಂದು ಮಲಗಿಬಿಡುತ್ತಿದ್ದರು, ಅದಕ್ಕೇ ಏನೂ ಆಗಲಿಲ್ಲ ಎಂದುಕೊಂಡಿದ್ದೆ. ಆಮೇಲೆ ವಿಚಾರಿಸಿದರೆ ಗೊತ್ತಾಯಿತು, ಮಕ್ಕಳು ಇಳಿಯುವಾಗ ತಮ್ಮ ಡಬ್ಬಿಯಿಂದ ಕೊಡುತ್ತಿದ್ದ ಒಂದೊಂದು ತುತ್ತನ್ನು, ಮಕ್ಕಳ ಮನಸ್ಸು ನೋಯಬಾರದೆಂದು ತಿನ್ನುತ್ತಿದ್ದರಂತೆ. ಅದನ್ನು ಉಪವಾಸ ಮುರಿದಂತೆ ಎಣಿಸುತ್ತಿರಲಿಲ್ಲವಂತೆ. ಆ ಶನಿವಾರ ಶಾಲೆಗೆ ರಜೆ. ಮಕ್ಕಳಿಲ್ಲ, ತುತ್ತೂ ಇಲ್ಲ.

ಹೌದು, ವಾರದ ಉಳಿದ ದಿನ ಅದೇ ವ್ಯಾನಿನಲ್ಲಿ ಅವರು ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಾರೆ. ಹದಿನಾಲ್ಕು ಮಕ್ಕಳು. ಅಜ್ಜೀಪುರದ ಕಡೆಯ ತೋಟಗಳಿಂದ ಹನೂರಿಗೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಮೊದಲು ನೆನಪಾದದ್ದು ಅದು. ನಾಳಿದ್ದು ಸೋಮವಾರ.

ನನ್ನ ಪಾಲನ್ನೂ ಹೇಳಬೇಕು. ಅಂದು ಬೆಳಗ್ಗೆ ಏಳೂವರೆಗೆ ಅವರು ಕನ್ನಡಿಯ ಮುಂದೆ ನಿಂತು ಹೊಟ್ಟೆಗೆ ಸೂಜಿ ಚುಚ್ಚಿಕೊಂಡದ್ದನ್ನು ನಾನು ನೋಡಿದ್ದೆ. ರಾತ್ರಿಯ ಚಪಾತಿ ಡಬ್ಬಿಯಲ್ಲಿತ್ತು. ಒಂದು ತಿನ್ನಿ ಎಂದು ಹೇಳಲು ಬಾಯಿ ತೆರೆದೆ. ಆ ವಾರ ಇದೇ ವಿಷಯಕ್ಕೆ ಎರಡು ಸಲ ಜಗಳವಾಗಿತ್ತು. ಎರಡು ಸಲವೂ ಅತ್ತೆ, "ನಿಂಗೆ ಓದು ಜಾಸ್ತಿ ಆಗದ" ಎಂದಿದ್ದರು. ಬಾಯಿ ಮುಚ್ಚಿಕೊಂಡೆ. ದೇವರು ನೋಡಿಕೊಳ್ಳುತ್ತಾನೆ ಎಂದುಕೊಂಡೆ. ಅದು ನಂಬಿಕೆಯಲ್ಲ, ಆಯಾಸ. ಆದರೆ ಅದಕ್ಕೆ ನಂಬಿಕೆಯ ಬಟ್ಟೆ ಹಾಕಿ ವ್ಯಾನು ಹತ್ತಿದೆ.

ಸಂಜೆ ಬೇರೆ ಡ್ರೈವರ್ ಒಬ್ಬರು ವ್ಯಾನನ್ನೂ ನಮ್ಮನ್ನೂ ಮನೆ ಮುಟ್ಟಿಸಿದರು. ಮರುದಿನ ಭಾನುವಾರ. ಭಾನುವಾರ ಉಪವಾಸವಿಲ್ಲ. ಆರಾಧನೆಯ ಕೊನೆಯಲ್ಲಿ ಸಾಕ್ಷಿ ಹೇಳುವವರು ಯಾರು ಎಂದು ಪಾಸ್ಟರ್ ಕೇಳಿದಾಗ, ಜನ್ಮದಲ್ಲಿ ಮೊದಲ ಸಲ ನನ್ನ ಗಂಡ ಎದ್ದು ನಿಂತರು. ಸೈತಾನ ಹೇಗೆ ವ್ಯಾನನ್ನು ಕಾಲುವೆಗೆ ತಳ್ಳಲು ಬಂದ, ದೇವರು ಹೇಗೆ ಎಂಟು ಜೀವ ಉಳಿಸಿದ, ಹೇಗೆ ಸರಿಯಾದ ಹೊತ್ತಿಗೆ ಬೆಲ್ಲದೊಂದಿಗೆ ಮನುಷ್ಯನನ್ನು ಕಳಿಸಿದ ಎಂದೆಲ್ಲ ಹೇಳಿದರು. ಚೆನ್ನಾಗಿಯೇ ಹೇಳಿದರು. ಜನ ಅತ್ತರು. ಸೂಜಿಯ ಮಾತೇ ಬರಲಿಲ್ಲ. ಎರಡು ಸಾಲು ಹಿಂದೆ ಅಜ್ಜೀಪುರದ ಒಬ್ಬ ತಾಯಿ ತನ್ನ ಎರಡನೇ ಕ್ಲಾಸಿನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಮಗು ನಾಳೆ ಬೆಳಗ್ಗೆ ಎಂಟಕ್ಕೆ ಆ ವ್ಯಾನು ಹತ್ತುವ ಮಗು.

ನಾನು ಎದ್ದೆ.

"ಸೈತಾನ ಅಲ್ಲ. ಬೆಳಗ್ಗೆ ಇನ್ಸುಲಿನ್ ತಗೊಂಡು ಏನೂ ತಿನ್ನದೆ ಗಾಡಿ ಹತ್ತಿದ್ರು. ನಾನೂ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ. ದೇವರು ಉಳಿಸಿದ್ದು ನಿಜ. ಆದ್ರೆ ನಾವು ಮಾಡಿದ್ದನ್ನ ಸೈತಾನನ ಮೇಲೆ ಹಾಕಿದ್ರೆ, ನಾಳೆನೂ ಅದನ್ನೇ ಮಾಡ್ತೀವಿ."

"ಆಮೆನ್" ಎಂದರು ಪಾಸ್ಟರ್, ಅಭ್ಯಾಸಬಲದಿಂದ. ಆಮೇಲೆ ಕೆಮ್ಮಿ, "ಸಿಸ್ಟರ್, ಅದನ್ನ ಆಮೇಲೆ ಮಾತಾಡೋಣ. ಕೂತ್ಕೊಳ್ಳಿ" ಎಂದರು.

ಮನೆಗೆ ಬಂದ ಮೇಲೆ ಅತ್ತೆ ತಟ್ಟೆಗೆ ಅನ್ನ ಹಾಕುವಾಗ ಸೌಟನ್ನು ಕುಕ್ಕಿದರು. "ಗಂಡ ಒಂದ್ ದಿನ ಸಾಕ್ಸಿ ಯೋಳಕ್ ಎದ್ರೆ ಅದ್ನೂ ಕೆಡುಸ್ಬುಟ್ಟೆ. ಆ ಟ್ರಾಕ್ಟ್ರು ಅಲ್ಲೇ ಯಾಕಿತ್ತು ಯೋಳು ನೋಡವ? ಆಲೆಮನೆ ಅಲ್ಲೇ ಯಾಕಿತ್ತು?"

"ದೇವರೇ ಇಟ್ಟ ಅತ್ತೆ. ನಾನೆಲ್ಲಿ ಇಲ್ಲ ಅಂದೆ? ಡಬ್ಬೀಲಿ ಚಪಾತಿ ಇತ್ತಲ್ಲ, ಅದನ್ನ ಇಟ್ಟಿದ್ದು ಯಾರು? ಡಾಕ್ಟರಮ್ಮನ ಬಾಯಲ್ಲಿ ಮಾತಿಟ್ಟಿದ್ದು ಯಾರು? ಏಳೂವರೆಗೆ ಕೊಟ್ಟಿದ್ದನ್ನ ಬೇಡ ಅಂದು, ಹತ್ತೂವರೆಗೆ ಕಾಲುವೆ ದಡದಲ್ಲಿ ಕೊಟ್ರೆ ಮಾತ್ರ ಪವಾಡ ಅಂತೀರಲ್ಲ!"

"ಬುಡ್ರಿ ಇಬ್ರೂವೆ" ಎಂದರು ನನ್ನ ಗಂಡ. "ನಾಳಿಂದ ಸೂಜಿ ಬುಟ್ಬುಡ್ತೀನಿ. ಉಪಾಸ ಇನ್ನೊಂದ್ ವಾರ ಅಷ್ಟೆಯ. ಆಗ ಏನೂ ಆಗಕಿಲ್ಲ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಮನುಷ್ಯನಿಗೆ ದೇವರು ಎರಡು ವರ್ಷ ಎರಡು ಪಾಠ ಹೇಳಿದ್ದಾನೆ. ಇವರು ಎರಡನೆಯದನ್ನು ಕಲಿಯಲು ಮೊದಲನೆಯದನ್ನು ಮರೆಯಲು ಹೊರಟಿದ್ದರು.

"ನಾಳೆ ವ್ಯಾನಲ್ಲಿ ಹದಿನಾಲ್ಕು ಮಕ್ಕಳಿರ್ತವೆ."

"ದೇವ್ರವ್ನೆ."

"ದೇವರಿದ್ದಾನೆ. ಬ್ರೇಕ್ ತುಳಿಯೋ ಕಾಲು ನಿಮ್ದು."

ಊಟ ಮುಗಿದಮೇಲೆ ಅವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಆಲೆಮನೆಯವರಿಗೆ ಕೃತಜ್ಞತೆ ಹೇಳಿಬರಬೇಕು, ಲೋಟ ಕೊಡಬೇಕು, ಗಡಿಬಿಡಿಯಲ್ಲಿ ವ್ಯಾನಿನಲ್ಲೇ ಉಳಿದಿದೆ ಎಂದೆ. ಅದಕ್ಕೆ ಅವರು ಇಲ್ಲವೆನ್ನುವ ಮನುಷ್ಯರಲ್ಲ. ಕಾಮಗೆರೆ, ಕೊಳ್ಳೇಗಾಲ ದಾಟಿ ಆ ಜಾಗ ಬಂದಾಗ ನಾನು ಸ್ಕೂಟರ್ ನಿಲ್ಲಿಸಿದೆ.

ಗುರುತು ಇನ್ನೂ ಇತ್ತು. ಡಾಂಬರಿನ ಮೇಲೆ ಕಪ್ಪು ಗೆರೆ, ಮಣ್ಣಿನಲ್ಲಿ ಉಳುಮೆ ಮಾಡಿದಂತೆ ಎರಡು ಸಾಲು. ಎಡಸಾಲು ಕಾಲುವೆಯ ಅಂಚಿನವರೆಗೆ ಹೋಗಿ, ಅಂಚು ಕುಸಿದಿದ್ದಲ್ಲಿ ನಿಂತಿತ್ತು. ಅವರು ಇಳಿದು ಹೋಗಿ ನೋಡಿದರು. ಕುಕ್ಕರಗಾಲಲ್ಲಿ ಕೂತು ಸಾಲಿನೊಳಗೆ ಅಂಗೈ ಇಟ್ಟರು.

"ಇದು ನಮ್ ವ್ಯಾನಾ?"

"ಹೂಂ."

"ನನ್ಗೆ ಕಬ್ಬಿನ್ ಟ್ರಾಕ್ಟ್ರೇ ಗ್ಯಾನ ಇಲ್ಲ ಕಣಮ್ಮಿ." ಅಂಗೈಯ ಮಣ್ಣು ಒರೆಸಿಕೊಂಡರು. "ಕೊಳ್ಳೇಗಾಲದ್ ಬಸ್‌ಸ್ಟ್ಯಾಂಡು ದಾಟಿದ್ದು ಗೊತ್ತು. ಆಮೇಲೆ ಬೆಲ್ಲದ ರುಚಿ. ನಡುವೆ ಏನೂ ಇಲ್ಲ. ಅಲ್ಲೀಗಂಟ ನಾನೇ ಓಡುಸ್ದ್ನಾ?"

"ನೀವೇ."

"ನಿಲ್ಸಿದ್ ಯಾರು?"

"ನಾನು. ಹ್ಯಾಂಡ್‌ಬ್ರೇಕ್ ಎಳೆದೆ."

"ನಿಂಗೆ ಓಡ್ಸಕ್ಕೇ ಬರದಿಲ್ವಲ್ಲ."

"ಬರಲ್ಲ."

ನನ್ನ ಬಲಭುಜ ಆಗಲೂ ನೋಯುತ್ತಿತ್ತು. ಆ ಕ್ಷಣಕ್ಕೆ ನನ್ನ ಕೈ ಅಲ್ಲಿಗೇ ಯಾಕೆ ಹೋಯಿತು, ನನಗೆ ಗೊತ್ತಿಲ್ಲ. ದೇವರು ನಡೆಸಿದ ಎಂದು ನಂಬುತ್ತೇನೆ. ಆದರೆ ಎಳೆದದ್ದು ನಾನು, ಭುಜ ಉಳುಕಿದ್ದು ನನ್ನದು. ಇವೆರಡರಲ್ಲಿ ಒಂದನ್ನು ಆರಿಸು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅತ್ತೆಯ ಮೇಲೆ ಸಿಟ್ಟು ಬಂದಷ್ಟೇ, ಕಾಲೇಜಿನ ಗೆಳತಿಯೊಬ್ಬಳು ಫೋನಿನಲ್ಲಿ, "ದೇವರು ಗೀವರು ಏನಿಲ್ಲ, ನಿನ್ನ ರಿಫ್ಲೆಕ್ಸ್ ಅಷ್ಟೆ" ಎಂದಾಗಲೂ ಬಂತು.

ಆಲೆಮನೆಯ ಯಜಮಾನರು ಲೋಟ ತೆಗೆದುಕೊಳ್ಳುತ್ತಾ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಇವತ್ತು ಊಟ ಆಗದೋ? ಬರೀ ಒಟ್ಟೇಲಿ ಈ ಕಡೆ ಬರಂಗಿದ್ರೆ ಮುಂಚೇನೆ ಫೋನ್ ಮಾಡಪ್ಪ, ಕಾಲ್ವೆಗೆ ಬೇಲಿ ಆಕುಸ್ತೀನಿ." ನನ್ನ ಗಂಡ ನಕ್ಕರು. ಕಣ್ಣು ನಗಲಿಲ್ಲ.

ವಾಪಸು ಬರುವಾಗ ಕಾಮಗೆರೆಯಲ್ಲಿ, "ನಿಲ್ಸು" ಎಂದು ಭುಜ ತಟ್ಟಿದರು. ರಸ್ತೆಯ ಪಕ್ಕದಲ್ಲಿ ನಿಂತು ಶಾಲೆಯ ಹೆಡ್‌ಮಿಸ್ಸಿಗೆ ಫೋನ್ ಮಾಡಿದರು.

"ಮೇಡಂ, ನಾಳೆ ನಾನ್ ವ್ಯಾನ್ ಓಡ್ಸಕಿಲ್ಲ. ಬೇರೆ ಡ್ರೈವರ್‌ನ ಕಳುಸ್ತೀನಿ. ನಂಗೆ ಶುಗರ್ ಅದೆ, ಸೂಜಿ ತಕಂಡು ಉಪಾಸ ಇದ್ದು, ನೆನ್ನೆ ಓಡುಸ್ತಾ ಓಡುಸ್ತಾ ಗ್ಯಾನ ತಪ್ತು. ಇಲ್ಲ ಮೇಡಂ, ಮಕ್ಳಿರ್ಲಿಲ್ಲ. ಇರ್ಬೋದಿತ್ತು. ಡಾಕ್ಟ್ರು 'ಸರಿ, ಓಡ್ಸು' ಅನ್ನಗಂಟ ನಾನ್ ಓಡ್ಸಕಿಲ್ಲ. ಮಕ್ಕಳ್ ಮನೇವ್ರಿಗೂ ನಾನೇ ಯೋಳ್ತೀನಿ."

ಇದನ್ನು ಬೆಳಗ್ಗೆಯೇ ಹೇಳಿದ್ದರೆ ನಾನು ಸಭೆಯಲ್ಲಿ ಎದ್ದು ನಿಲ್ಲಬೇಕಾಗಿರಲಿಲ್ಲ ಎಂದು ಹೇಳಬೇಕೆನಿಸಿತು. ಈ ಸಲ ಬಾಯಿ ಮುಚ್ಚಿಕೊಂಡದ್ದು ಸರಿಯಿತ್ತು.

ಅಷ್ಟಕ್ಕೇ ಎಲ್ಲ ನೇರವಾಯಿತು ಅಂದುಕೊಳ್ಳಬೇಡಿ. ಸೋಮವಾರ ಡಾಕ್ಟರಮ್ಮ ಇವರನ್ನು ಕೂರಿಸಿಕೊಂಡು, ಈ ಔಷಧಿ ಹಾಕಿಕೊಂಡು ಇಡೀ ದಿನದ ಉಪವಾಸ ನಿಮಗಲ್ಲ, ತಿಂಡಿ ತಿಂದು ಸೂಜಿ, ಗಾಡಿ ಮುಟ್ಟುವ ಮೊದಲು ಬೆರಳು ಚುಚ್ಚಿ ಪರೀಕ್ಷೆ ಎಂದು ಬರೆದುಕೊಟ್ಟರು. ಅವರು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಉಳಿದ ಕೂಟಗಳು ಹಗಲಿನವು, ಅವಕ್ಕೆ ತಿಂಡಿ ತಿಂದುಕೊಂಡು, ಮಧ್ಯಾಹ್ನಕ್ಕೆ ಡಬ್ಬಿ ಹಿಡಿದುಕೊಂಡು ಹೋದರು. ಎಲ್ಲರೂ ಬರಿಹೊಟ್ಟೆಯಲ್ಲಿ ಕಣ್ಣು ಮುಚ್ಚಿ ಕೂತಿರುವಾಗ ಒಂದು ಗಂಟೆಗೆ ಹೊರಗೆ ಜಗಲಿಯ ಮೇಲೆ ಕೂತು ಡಬ್ಬಿ ತೆರೆಯುವುದು ಅವರಂಥ ಸಂಕೋಚದ ಮನುಷ್ಯನಿಗೆ ಎಷ್ಟು ಕಷ್ಟವೋ ನನಗೆ ಗೊತ್ತು. ಹಸಿದು ಕೂರುವುದಕ್ಕಿಂತ ಅದು ದೊಡ್ಡ ಉಪವಾಸ. ಹುಳಿಯನ್ನದ ವಾಸನೆ ಒಳಗೆ ಹೋಗಿ ದೊಡ್ಡಕ್ಕನ ಪ್ರಾರ್ಥನೆಯ ದನಿ ಏರುತ್ತಿತ್ತು.

ದೊಡ್ಡಕ್ಕ ಇವತ್ತಿಗೂ ಬಿಟ್ಟುಕೊಟ್ಟಿಲ್ಲ. "ಶುಗರೂ ಇಳ್ದಿತ್ತು, ಅಭಿಷೇಕಾನೂ ಆಗಿತ್ತು ಕಣವ್ವ. ನಾನ್ ಕಿವಿಯಾರೆ ಕೇಳಿವ್ನಿ" ಎನ್ನುತ್ತಾರೆ. ಪಾಸ್ಟರ್ ಒಂದು ಸಂಜೆ ಮನೆಗೆ ಬಂದು, ಕಾಫಿ ಕುಡಿದು, ದನಿ ತಗ್ಗಿಸಿ, "ನಿಮಗೆ ಹೇಳೋದಾದ್ರೆ, ನಾನೂ ಬಿಪಿ ಮಾತ್ರೆ ನುಂಗಿಯೇ ಉಪವಾಸ ಕೂರೋದು" ಎಂದರು. ಅದನ್ನು ಸಭೆಯಲ್ಲಿ ಹೇಳಿ ಅಯ್ಯನವರೇ, ಸಂಕೋಚಪಟ್ಟು ಮಾತ್ರೆ ಬಿಟ್ಟವರು ಎಷ್ಟು ಜನರಿದ್ದಾರೋ ಎಂದೆ. ಖಂಡಿತ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ. ಪ್ರತಿ ಭಾನುವಾರ ನಾನು ಅವರ ಮುಖವನ್ನೇ ನೋಡುತ್ತಾ ಕೂರುತ್ತೇನೆ. ಅವರು ನನ್ನ ಕಡೆ ನೋಡುವುದಿಲ್ಲ.

ಆ ಶನಿವಾರದಿಂದ ನನಗೆ ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಕಬ್ಬಿನ ತುದಿಗಳು ಗಾಜಿಗೆ ಬರುತ್ತಿದ್ದವು. ಎದ್ದು ಅವರ ಹಣೆ ಮುಟ್ಟುತ್ತಿದ್ದೆ, ಒಣಗಿದ್ದರೆ ಮಲಗುತ್ತಿದ್ದೆ, ಮತ್ತೆ ಏಳುತ್ತಿದ್ದೆ. ಮುಟ್ಟಿದಾಗಲೆಲ್ಲ ಅವರಿಗೂ ಎಚ್ಚರ. "ಬದುಕಿವ್ನಿ ಕಣಮ್ಮಿ, ಮಲಕ" ಎನ್ನುತ್ತಿದ್ದರು. ನಮ್ಮ ಮಾತು ಕೇಳಿ ಪಕ್ಕದ ಕೋಣೆಯಲ್ಲಿ ಅತ್ತೆ ಎದ್ದು ಕೂತು ಪ್ರಾರ್ಥನೆ ಶುರುಮಾಡುತ್ತಿದ್ದರು. ತಮ್ಮ ಕೈ ನನ್ನ ಕೈಯನ್ನು ಹಿಡಿದ ಆ ಗಳಿಗೆಯ ಬಗ್ಗೆ ಅವರು ನನ್ನ ಹತ್ತಿರ ಏನೂ ಆಡಿಲ್ಲ. ಆದರೆ ಒಂದು ಬೆಳಗ್ಗೆ ಮಗನ ಮುಂದೆ ಇಡ್ಲಿ ತಟ್ಟೆ ಇಟ್ಟು, "ತಿನ್ನಗಂಟ ನಾನ್ ಇಲ್ಲಿಂದ ಏಳಕಿಲ್ಲ" ಎಂದು ಎದುರಿಗೆ ಕೂತರು. ಆ ದಿನದಿಂದ ದಿನಾ ಹಾಗೆಯೇ ಕೂರುತ್ತಾರೆ. ನಾನು ಇಷ್ಟು ದಿನ ಹೇಳಿದ್ದನ್ನೇ ಈಗ ದೇವರು ತಮಗೆ ಹೇಳಿದ ಹಾಗೆ ಊರಿಗೆಲ್ಲ ಹೇಳುತ್ತಾರೆ. ಹೇಳಲಿ.

ಡಾಕ್ಟರಮ್ಮ ಒಪ್ಪಿಗೆ ಕೊಟ್ಟಾಗ ಬೇಸಿಗೆ ಶುರುವಾಗಿತ್ತು. ಮತ್ತೆ ವ್ಯಾನು ಹತ್ತಿದ ಮೊದಲ ಬೆಳಗ್ಗೆ ಅವರು ನಾನು ಕೇಳುವ ಮೊದಲೇ ತಿಂಡಿ ತಿಂದು, ಬೆರಳು ಚುಚ್ಚಿಕೊಂಡು, ಯಂತ್ರದ ಅಂಕಿಯನ್ನು ಅಡುಗೆಮನೆಯವರೆಗೆ ತಂದು ನನಗೂ ಅತ್ತೆಗೂ ತೋರಿಸಿದರು. ಆಮೇಲೆ ಜಗಲಿಯಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಏನು ಬೇಡಿಕೊಂಡರೋ, ಬಾಯಿ ಬಿಡಲಿಲ್ಲ. ಸಂಜೆ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ಬಂದು ಉಂಡು ಮಲಗಿದರು. ನಾನೂ ಮಲಗಿದೆ.

ರಾತ್ರಿ ಒಮ್ಮೆಯೂ ಏಳಲಿಲ್ಲ; ಕಣ್ಣು ಬಿಟ್ಟಾಗ ಮರುದಿನ ಬುಧವಾರ, ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಗಾಬರಿಯಲ್ಲಿ ಅವರ ಹಣೆ ಮುಟ್ಟಿದೆ. ಒಣಗಿತ್ತು. ಗೊರಕೆ ಹೊಡೆಯುತ್ತಿದ್ದರು. ಏಳು ಗಂಟೆ ಹತ್ತು ನಿಮಿಷ. ಪಕ್ಕದ ಕೋಣೆಯಿಂದ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ಬಂದು, "ಬೆಳಗಿನ್ ಪ್ರಾರ್ಥನೇನೇ ತಪ್ಪೋಯ್ತಲ್ಲ, ಒಬ್ರಾದ್ರೂ ಎಬ್ಬುಸ್ಬಾರ್ದಾ?" ಎಂದು ನನ್ನ ಮೇಲೆ ರೇಗಿದರು. ಎಂಟಕ್ಕೆ ಮಕ್ಕಳು ಕಾಯ್ತಾರೆ ಏಳಿ ಎಂದು ನಾನು ಗಂಡನ ಮೇಲೆ ರೇಗಿದೆ. ಅವರು ಎದ್ದು ಕೂತು ಕಣ್ಣುಜ್ಜಿಕೊಂಡು, "ಮೊದ್ಲು ತಿಂಡಿ ಆಕು" ಎಂದರು.